ಕೆರೆಗೆ ಬಿಡುವ ಮೀನುಮರಿ ಮೊದಲು ಎಲ್ಲಿಂದ ಬರುತ್ತಿತ್ತು?

ಕೆರೆಕೋಡಿ
ನಮ್ಮೂರ ಕೆರೆ ಮೂರು ವರ್ಷದ ನಂತರ ಈ ಸಲ ತುಂಬಿದೆ. ಸಂಘದವರು ಸೇರಿ ಗುತ್ತಿಗೆ ಹಿಡಿದಿದ್ದೇವೆ. ಮುಂದಿನ ಗುರುವಾರ ಮರಿ ಬರುತ್ತೆ. ಕಾಟ್ಲಾ, ರೋಹು, ಮೃಗಾಲ್, ಜೊತೆಗೆ ಸ್ವಲ್ಪ ಸಾಮಾನ್ಯ ಗೆಂಡೆ.

ಮೊನ್ನೆ ಸಭೆಯಲ್ಲಿ ಒಬ್ಬ ಹುಡುಗ ಕೇಳಿದ: "ಪ್ರತಿ ವರ್ಷ ಯಾಕೆ ದುಡ್ಡು ಕೊಟ್ಟು ಮರಿ ತರಬೇಕು? ದೊಡ್ಡ ಮೀನು ನಾಲ್ಕು ಉಳಿಸಿಕೊಂಡರೆ ಅವೇ ಮರಿ ಮಾಡಲ್ವಾ?" ಹಿರಿಯರೊಬ್ಬರು "ಅವು ಕೆರೆಯಲ್ಲಿ ಮೊಟ್ಟೆ ಇಡಲ್ಲ ಕಣೋ" ಅಂದರು. ಅಲ್ಲಿಗೆ ಮಾತು ಮುಗಿಯಿತು. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಇಡಲ್ಲ ಅಂದರೆ, ಮರಿ ಮಾಡಿಸುವ ಹ್ಯಾಚರಿ ಬರುವ ಮುಂಚೆ ಮರಿ ಎಲ್ಲಿಂದ ಬರುತ್ತಿತ್ತು?

ನಮ್ಮಜ್ಜ ರೈಲ್ವೆ ಸ್ಟೇಷನ್‌ನಲ್ಲಿ ಹಮಾಲಿ ಮಾಡುತ್ತಿದ್ದವರು. ಮೀನುಮರಿ ಮಡಕೆಯಲ್ಲಿ ಬರುತ್ತಿತ್ತು, ಜೊತೆಗೆ ಬಂದವನು ರಾತ್ರಿಯಿಡೀ ಮಡಕೆ ಅಲ್ಲಾಡಿಸುತ್ತಾ ಕೂರುತ್ತಿದ್ದ ಅಂತ ಹೇಳುತ್ತಿದ್ದರು. ನಾವು ನಗುತ್ತಿದ್ದೆವು. ಇದು ನಿಜವಾ? ಗೊತ್ತಿದ್ದವರು ಹೇಳಿ.

ಸುಮ್ನೆಬಂದೆ
ಮೀನಿಗೆ ಈಜು ಕಲಿಸಬೇಕಾ ಅಂತಾರೆ. ಇಲ್ಲಿ ಮೊಟ್ಟೆ ಇಡೋದನ್ನೇ ಕಲಿಸಬೇಕು ಅಂತೀರಲ್ಲ 😄

ಹಳೇಬಲೆ
ಕೆರೆಕೋಡಿ ಅವರೇ, ನಿಮ್ಮಜ್ಜ ಹೇಳಿದ್ದು ಅಕ್ಷರಶಃ ನಿಜ. ನಾನು ಮೀನುಮರಿ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಡಕೆ ಕಾಲ ನಾನು ನೋಡಿಲ್ಲ, ನನ್ನ ಮೇಲಿನವರು ನೋಡಿದ್ದರು.

ಕಾಟ್ಲಾ, ರೋಹು, ಮೃಗಾಲ್ ಮೂರೂ ಹೊಳೆ ಮೀನು. ಮುಂಗಾರಿನಲ್ಲಿ ಹೊಳೆಗೆ ಹೊಸ ನೀರು ಬಂದು ದಡದ ಗದ್ದೆ, ಬಯಲು ಎಲ್ಲಾ ಮುಳುಗಬೇಕು. ಆ ತೆಳು ನೀರಿನಲ್ಲಿ ಅವು ಮೊಟ್ಟೆ ಇಡುತ್ತವೆ. ಕೆರೆಯಲ್ಲಿ ಹೊಟ್ಟೆ ತುಂಬಾ ಮೊಟ್ಟೆ ಆಗುತ್ತೆ, ಆದರೆ ಹೊರಗೆ ಬರಲ್ಲ. ಮಳೆಗಾಲ ಮುಗಿದ ಮೇಲೆ ಅಲ್ಲೇ ಕರಗಿ ಹೋಗುತ್ತೆ. ನಿಮ್ಮ ಹುಡುಗ ನಾಲ್ಕಲ್ಲ, ನಾನೂರು ಮೀನು ಉಳಿಸಿಕೊಂಡರೂ ಅಷ್ಟೇ.

ಹಾಗಾಗಿ ಮೊದಲು ಮರಿ ಬರುತ್ತಿದ್ದದ್ದು ಹೊಳೆಯಿಂದಲೇ. ಗಂಗಾ ಬಯಲಿನಲ್ಲಿ, ಅದರಲ್ಲೂ ಬಂಗಾಳ, ಬಿಹಾರದ ಕಡೆ, ನೆರೆ ಬಂದಾಗ ಆಲಿಕೆ ಆಕಾರದ ಸಣ್ಣ ಕಣ್ಣಿನ ಬಲೆ ಕಟ್ಟಿ ತೇಲಿ ಬರುವ ಮರಿ ಹಿಡಿಯುತ್ತಿದ್ದರು. ಕಲ್ಕತ್ತಾ ಪಕ್ಕದ ಹೌರಾದಲ್ಲಿ ಅದರ ದೊಡ್ಡ ವ್ಯಾಪಾರ. ಅಲ್ಲಿಂದ ರೈಲಿನಲ್ಲಿ ಮಣ್ಣಿನ ಮಡಕೆ. ಅಲ್ಲಾಡಿಸುವುದು ಯಾಕೆ ಅಂದರೆ, ನೀರು ಕುಲುಕಿದರೆ ಗಾಳಿ ಬೆರೆಯುತ್ತೆ. ಆ ಮನುಷ್ಯ ನಿದ್ದೆ ಹೋದರೆ ಮರಿಗಳ ಕಥೆ ಮುಗಿದಂತೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ ಬಂದದ್ದು ಆಮೇಲೆ.

ಮಡಕೆಯಲ್ಲಿ ಏನಿದೆ ಅನ್ನೋದು ಮಾತ್ರ ದೇವರಿಗೇ ಗೊತ್ತು. ರೋಹು ಅಂತ ತಂದು ಬಿಟ್ಟರೆ ಅರ್ಧ ಬಾಳೆ ಮೀನು ಬೆಳೆದು, ಉಳಿದ ಮರಿಯನ್ನೆಲ್ಲಾ ತಿಂದು ಕೂತಿರುತ್ತಿತ್ತು.

ಪುಟ್ಟಿಮಗಳು
ಬಾಳೆ ಮೀನು ಅಂದ್ರೆ?

ಹಳೇಬಲೆ
ಉದ್ದಕ್ಕೆ, ಚಪ್ಪಟೆಯಾಗಿ, ಬಾಯಿ ತುಂಬಾ ಹಲ್ಲು. ಬೇರೆ ಮೀನು ತಿಂದು ಬದುಕುವ ಜಾತಿ ಅಮ್ಮ. ಮಾರ್ಕೆಟ್‌ನಲ್ಲಿ ನೋಡಿರ್ತೀರಿ.

ಕಡತಪ್ರಿಯ
ಹ್ಯಾಚರಿ ಇತಿಹಾಸ ಅಂದರೆ ಬರೀ ನಮ್ಮದಲ್ಲ. ಮೊದಲು ಕೈಯಾರೆ ಮೀನಿನ ಮೊಟ್ಟೆ ಹಿಂಡಿ ಮರಿ ಮಾಡಿದ್ದನ್ನು ಬರೆದಿಟ್ಟವನು ಜರ್ಮನಿಯ ಸ್ಟೀಫನ್ ಲುಡ್ವಿಗ್ ಜಾಕೋಬಿ. 1765ರಲ್ಲಿ ಹ್ಯಾನೋವರ್‌ನ ಒಂದು ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆಮೇಲೆ ಜನ ಅದನ್ನು ಮರೆತೇಬಿಟ್ಟರು. 1840ರ ದಶಕದಲ್ಲಿ ಫ್ರಾನ್ಸ್‌ನ ವೋಜ್ ಬೆಟ್ಟದ ಲಾ ಬ್ರೆಸ್ ಎಂಬ ಊರಿನಲ್ಲಿ ಜೋಸೆಫ್ ರೆಮಿ ಅನ್ನುವ ಮೀನುಗಾರ ತನ್ನ ಪಾಡಿಗೆ ಮತ್ತೆ ಅದನ್ನೇ ಕಂಡುಹಿಡಿದ. ಅವನಿಗೆ ಜೊತೆಗಾರ ಗೆಹಾಂ. ಜಾಕೋಬಿ ಹೆಸರು ಅವರು ಕೇಳಿರಲೂ ಇಲ್ಲ. ತಮ್ಮ ಹೊಳೆಯಲ್ಲಿ ಟ್ರೌಟ್ ಕಡಿಮೆ ಆಗುತ್ತಿದೆ ಅನ್ನೋದೊಂದೇ ಅವರ ಚಿಂತೆ. ಅದನ್ನು ನೋಡಿ ಫ್ರೆಂಚ್ ಸರ್ಕಾರ 1850ರ ದಶಕದಲ್ಲಿ ರೈನ್ ನದಿ ಹತ್ತಿರ ಹ್ಯೂನಿಂಗ್‌ನಲ್ಲಿ ದೊಡ್ಡ ಹ್ಯಾಚರಿ ಕಟ್ಟಿತು. 1871ರ ಯುದ್ಧದಲ್ಲಿ ಆ ಜಾಗ ಜರ್ಮನಿಗೆ ಹೋಯಿತು, ಹ್ಯಾಚರಿ ಸಮೇತ!

ರಷ್ಯಾದ ವ್ರಾಸ್ಕಿ ಅನ್ನುವವನು ಇನ್ನೊಂದು ಚಿಕ್ಕ ವಿಷಯ ಗಮನಿಸಿದ. ಎಲ್ಲರೂ ಮೊಟ್ಟೆಯನ್ನು ನೀರಿಗೆ ಹಿಂಡುತ್ತಿದ್ದರು. ಅವನು ಒಣ ತಟ್ಟೆಗೆ ಹಿಂಡಿ, ಗಂಡಿನ ಹಾಲನ್ನು (ವೀರ್ಯವನ್ನು) ಮೊದಲು ಬೆರೆಸಿ, ನೀರನ್ನು ಆಮೇಲೆ ಹಾಕಿದ. ಕಟ್ಟುವ ಮೊಟ್ಟೆಗಳ ಪ್ರಮಾಣ ಒಮ್ಮೆಲೇ ಏರಿತು. ಟ್ರೌಟ್, ಸಾಲ್ಮನ್ ಹ್ಯಾಚರಿಗಳಲ್ಲಿ ಇವತ್ತಿಗೂ ಅದೇ ಕ್ರಮ.

ಗರಂಮಸಾಲೆ
ಅಂದ್ರೆ ಎಲ್ಲಾ ಬಿಳಿಯರೇ ಕಲಿಸಿದ್ದು ಅನ್ನಿ. ನಾವು ಬರೀ ಮಡಕೆ ಅಲ್ಲಾಡಿಸಿದ್ದು.

ಹಳೇಬಲೆ
ಹಾಗಲ್ಲ. ಟ್ರೌಟ್ ಬೇರೆ, ಗೆಂಡೆ ಜಾತಿ ಬೇರೆ. ಟ್ರೌಟ್ ಸಾಕಿದ ಕಡೆಯೂ ತಾನಾಗಿ ಹಣ್ಣಾಗುತ್ತೆ. ಹೊಟ್ಟೆ ಒತ್ತಿದರೆ ಮೊಟ್ಟೆ ಬರುತ್ತೆ. ನಮ್ಮ ರೋಹು ಹೊಟ್ಟೆಯನ್ನು ಎಷ್ಟು ಒತ್ತಿದರೂ ಏನೂ ಬರಲ್ಲ. ಒಳಗಿನ ಬೀಗ ತೆರೆಯಬೇಕು. ಅದರ ಕೀಲಿ ಇರೋದು ಮೀನಿನ ತಲೆಯೊಳಗೆ, ಮಿದುಳಿನ ಕೆಳಗೆ. ಪಿಟ್ಯುಟರಿ ಗ್ರಂಥಿ.

ಕಡತಪ್ರಿಯ
ಒಪ್ಪಿದೆ. ಸ್ವಲ್ಪ ಸೇರಿಸ್ತೀನಿ. ಆ ದಾರಿ ತೆರೆದದ್ದು ದಕ್ಷಿಣ ಅಮೆರಿಕದಲ್ಲಿ. ಅರ್ಜೆಂಟೀನಾದ ಬರ್ನಾರ್ಡೊ ಹುಸ್ಸೇ 1930ರ ಹೊತ್ತಿಗೆ ಮರಿ ಹಾಕುವ ಮೀನಿಗೆ ಪಿಟ್ಯುಟರಿ ಚುಚ್ಚಿ, ದಿನ ತುಂಬುವ ಮೊದಲೇ ಮರಿ ಹಾಕಿಸಿದರು. (ಇವರಿಗೆ 1947ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ.) ಬ್ರೆಜಿಲ್‌ನ ಈಶಾನ್ಯ ಭಾಗ ನಮ್ಮ ಬಯಲುಸೀಮೆ ಥರ, ಬರ ಬೀಳುವ ಜಾಗ, ಕೆರೆ ಕಟ್ಟಿ ಬದುಕುವ ಜನ. ಆ ಕೆರೆಗಳಿಗೆ ಮೀನು ಬೇಕು ಅಂತ ರೊಡಾಲ್ಫೊ ಫಾನ್ ಈರಿಂಗ್ 1930ರ ದಶಕದಲ್ಲಿ ಇದೇ ವಿಧಾನದಲ್ಲಿ ಹೊಳೆ ಮೀನಿನ ಮರಿ ಮಾಡಿಸಿದರು.

ನಮ್ಮಲ್ಲಿ 1938ರಲ್ಲಿ ಪಂಜಾಬಿನ ಹಮೀದ್ ಖಾನ್ ಮೃಗಾಲ್‌ಗೆ ಪ್ರಾಣಿಯ ಪಿಟ್ಯುಟರಿ ಸಾರ ಚುಚ್ಚಿ ನೋಡಿದರು. ಆ ವರದಿ ಬಂದದ್ದು ನಮ್ಮ ಬೆಂಗಳೂರಿನಿಂದ ಹೊರಡುತ್ತಿದ್ದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಪೂರ್ತಿ ಫಲ ಸಿಗಲಿಲ್ಲ. ಆಮೇಲೆ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ 1957ರಲ್ಲಿ ಕಟಕ್‌ನಲ್ಲಿ ಮಾಡಿ ತೋರಿಸಿದರು.

ಒಡಿಶಾ_ಕನ್ನಡಿಗ
ತಿದ್ದುಪಡಿ: ಅವರ ಆಫೀಸು ಕಟಕ್‌ನಲ್ಲಿತ್ತು. ಮೇಜರ್ ಕಾರ್ಪ್ (ಈ ದೊಡ್ಡ ಗೆಂಡೆ ಜಾತಿ) ಮರಿ ಆದದ್ದು ಅಂಗುಲ್‌ನ ಫಾರಂನಲ್ಲಿ. ದಿನಾಂಕ 1957 ಜುಲೈ 10. ಅದಕ್ಕೇ ಈಗ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ನಾನು ಆ ಕಡೆ ಕೆಲಸದಲ್ಲಿದ್ದೇನೆ, ಇಲ್ಲಿನವರಿಗೆ ಅಂಗುಲ್ ಹೆಸರು ಬಿಟ್ಟರೆ ಸಿಟ್ಟು ಬರುತ್ತೆ.

ಕಡತಪ್ರಿಯ
ತಪ್ಪಾಯ್ತು ಸರ್, ಅಂಗುಲ್. ಚೀನಾದವರು ಬೆಳ್ಳಿ ಗೆಂಡೆಯನ್ನು ಇದೇ ರೀತಿ ಮಾಡಿದ್ದು ಮರುವರ್ಷ, 1958ರಲ್ಲಿ. ಎರಡೂವರೆ ಸಾವಿರ ವರ್ಷ ಮೀನು ಸಾಕಿದ ದೇಶ! ಅವರೂ ಅಲ್ಲಿಯವರೆಗೆ ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ ಮರಿಯನ್ನು ನದಿಯಲ್ಲೇ ಹಿಡಿಯುತ್ತಿದ್ದರು.

ಗರಂಮಸಾಲೆ
ಸರಿ ಸರಿ, ಮಾತು ವಾಪಸ್.

ತುಂಗಾತೀರ
ಹಳೇಬಲೆ ಸರ್, ಆ ಇಂಜೆಕ್ಷನ್ ಕೆಲಸ ನೀವೇ ಮಾಡಿದ್ದೀರಾ? ಹೇಗೆ ಮಾಡ್ತಿದ್ರಿ ಹೇಳಿ. ಓದೋಕೆ ಎಲ್ಲೂ ಸಿಗಲ್ಲ.

ಹಳೇಬಲೆ
ಮಾಡಿದ್ದೀನಿ, ಎಷ್ಟೋ ಮಳೆಗಾಲ.

ಮೊದಲ ಕೆಲಸ ಗ್ರಂಥಿ ಹುಡುಕೋದು. ಬೆಳಗಿನ ಜಾವ ಮೀನು ಮಾರ್ಕೆಟ್‌ಗೆ ಹೋಗಬೇಕು, ಐಸ್ ಹಾಕಿದ ತಾಜಾ ತಲೆಗಳು ಬೇಕು. ಮೊಟ್ಟೆ ತುಂಬಿದ ಮೀನಿನ ತಲೆಯೇ ಆಗಬೇಕು. ತಲೆ ಮಾರುವವರು ನಮ್ಮನ್ನು ಸಾರಿಗೆ ಕೊಳ್ಳೋಕೆ ಬಂದ ಗಿರಾಕಿ ಅಂತಲೇ ತಿಳಿಯುತ್ತಿದ್ದರು. ತಲೆಯ ಮೇಲ್ಭಾಗ ಕತ್ತಿಯಿಂದ ಓರೆಯಾಗಿ ಹಾರಿಸಬೇಕು. ಒಳಗೆ ಜಿಡ್ಡು ಇರುತ್ತೆ, ಹತ್ತಿಯಿಂದ ಒರೆಸಬೇಕು. ಮಿದುಳನ್ನು ಮೆಲ್ಲಗೆ ಎತ್ತಿ ಮಗುಚಿದರೆ, ಕೆಳಗೆ ಮೂಳೆಯ ಸಣ್ಣ ಗುಂಡಿಯಲ್ಲಿ ತೆಳು ಪೊರೆಯ ಅಡಿ ಕೆನೆ ಬಣ್ಣದ ಕಾಳು. ಜೋಳದ ಕಾಳಿಗಿಂತ ಚಿಕ್ಕದು. ಇಕ್ಕಳ ಸ್ವಲ್ಪ ಜಾರಿದರೂ ಒಡೆದುಹೋಗುತ್ತೆ. ತೆಗೆದ ಕೂಡಲೇ ಅಪ್ಪಟ ಆಲ್ಕೋಹಾಲ್ ತುಂಬಿದ ಕಂದು ಬಾಟಲಿಗೆ. ಇಡೀ ಬೆಳಿಗ್ಗೆ ಕೂತರೆ ಬಾಟಲಿಯ ತಳ ಮುಚ್ಚುತ್ತಿತ್ತು.

ಸಂಜೆ ಮೀನು ತೂಗಿ, ಲೆಕ್ಕ ಹಾಕಿ, ಗ್ರಂಥಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅರೆದು ಸಿರಿಂಜ್‌ಗೆ. ಹೆಣ್ಣಿಗೆ ಕೆಜಿಗೆ 2-3 ಮಿಲಿಗ್ರಾಂ ಮೊದಲ ಡೋಸ್. ಆರು ಗಂಟೆ ಬಿಟ್ಟು 5-8 ಮಿಲಿಗ್ರಾಂ. ಗಂಡಿಗೆ ಆ ಎರಡನೇ ಹೊತ್ತಿನಲ್ಲಿ ಒಂದೇ ಸಲ, 2-3. ಬಾಲದ ಬುಡದಲ್ಲಿ, ಹುರುಪೆ ಎತ್ತಿ ಚುಚ್ಚಬೇಕು. ಹತ್ತು ಕೆಜಿ ಕಾಟ್ಲಾ ಕೈಯಲ್ಲಿ ಒದ್ದಾಡುವಾಗ ಇದೆಲ್ಲ ಹೇಳಿದಷ್ಟು ಸುಲಭ ಅಲ್ಲ. ನನ್ನ ಮುಂದಿನ ಹಲ್ಲೊಂದು ಅರ್ಧ ಮುರಿದಿರೋದು ಬಾಲದ ಏಟಿಗೆ.

ಒಂದು ಹೆಣ್ಣು, ಎರಡು ಗಂಡು. ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿ, ಅಂದರೆ ಹಾಪಾದೊಳಗೆ ಬಿಟ್ಟು ದಡದಲ್ಲಿ ಕಾಯೋದು. ಮಳೆ ಜಿಟಿಜಿಟಿ ಇದ್ದರೆ ಒಳ್ಳೇದು. ರಾತ್ರಿ ಎರಡೋ ಮೂರೋ ಗಂಟೆಗೆ ದಬದಬ ಸದ್ದು ಶುರುವಾದರೆ ಗೆದ್ದಂತೆ. ಬೆಳಿಗ್ಗೆ ಹಾಪಾ ಎತ್ತಿದರೆ ನೆನೆಸಿದ ಸಬ್ಬಕ್ಕಿ ಥರ ಮೊಟ್ಟೆ. ಒಳ್ಳೇದು ಗಾಜಿನಂತೆ ಇರುತ್ತೆ, ಕಟ್ಟದೇ ಇದ್ದದ್ದು ಬೆಳ್ಳಗೆ ಮಂಕು. ನೀರು ಬೆಚ್ಚಗಿದ್ದರೆ 14-18 ಗಂಟೆಯಲ್ಲಿ ಮರಿ.

ಸದ್ದು ಬರದ ರಾತ್ರಿಗಳೂ ಇದ್ದವು. ಬೆಳಿಗ್ಗೆ ಸಾಹೇಬರ ಮುಖ ನೋಡೋಕೆ ಆಗ್ತಿರಲಿಲ್ಲ.

ಪುಟ್ಟಿಮಗಳು
ಸಬ್ಬಕ್ಕಿ ಪಾಯಸ ಇನ್ನು ಮೇಲೆ ಹೇಗೆ ತಿನ್ನಲಿ ಅಂಕಲ್ 😭

ತುಂಗಾತೀರ
ಇದನ್ನು ಓದಿ ಎರಡು ಸಲ ಮೇಲೆ ಹೋಗಿ ಮತ್ತೆ ಓದಿದೆ. ಈಗಲೂ ತಲೆ ಕಡಿಯಬೇಕಾ?

ಹಳೇಬಲೆ
ಬಹುತೇಕ ಇಲ್ಲ. ಓವಾಪ್ರಿಮ್ ಥರದ ರೆಡಿ ಔಷಧಿ ಇದೆ. ಒಂದೇ ಡೋಸ್, ಹೆಣ್ಣು ಗಂಡು ಇಬ್ಬರಿಗೂ ಒಟ್ಟಿಗೇ. ಮೀನಿನ ಸ್ವಂತ ಗ್ರಂಥಿಗೇ 'ನಿನ್ನ ಹಾರ್ಮೋನ್ ಬಿಡು' ಅಂತ ಹೇಳುವ ಔಷಧಿ ಅದು. ಹಾಪಾ ಬದಲು ಚೀನಾ ಮಾದರಿಯ ದುಂಡನೆ ಸಿಮೆಂಟ್ ತೊಟ್ಟಿ ಬಂತು. ನೀರು ಸುತ್ತುತ್ತಾ ಇರುತ್ತೆ, ಮೊಟ್ಟೆ ತಳಕ್ಕೆ ಕೂರಲ್ಲ.

ಮಲ್ಪೆಮಾಣಿ
ಎಂತ ಮಾರಾಯ್ರೆ, ಎಲ್ಲಾ ಕೆರೆ ಮೀನಿನ ಕಥೆಯೇ ಆಯ್ತಲ್ಲ. ಮಣ್ಣು ವಾಸನೆ ಮೀನು ನಮಗೆ ಇಳಿಯುವುದಿಲ್ಲ. ಬೂತಾಯಿ, ಬಂಗುಡೆಗೆ ಹ್ಯಾಚರಿ ಮಾಡಲಿ ನೋಡುವ. ನಮ್ಮ ಕಡೆ ಕೆಲವು ವರ್ಷ ಬೂತಾಯಿ ಬರುವುದೇ ಇಲ್ಲ. ಹ್ಯಾಚರಿಯಲ್ಲಿ ಕೋಟಿಗಟ್ಟಲೆ ಮರಿ ಮಾಡಿ ಕಡಲಿಗೆ ಬಿಟ್ಟರೆ ಆಯ್ತಲ್ಲ?

ಕಡತಪ್ರಿಯ
ಮಾಣಿ, ಇದೇ ಮಾತನ್ನು ನಾರ್ವೆಯವರು 140 ವರ್ಷದ ಹಿಂದೆ ಹೇಳಿದರು! ಡಾನೆವಿಗ್ ಅನ್ನುವ ಹಡಗಿನ ಕ್ಯಾಪ್ಟನ್ 1880ರ ದಶಕದಲ್ಲಿ ಫ್ಲೋಡೆವಿಗನ್‌ನಲ್ಲಿ ಕಾಡ್ ಮೀನಿನ ಹ್ಯಾಚರಿ ಹಾಕಿದ. ವರ್ಷಕ್ಕೆ ಕೋಟ್ಯಂತರ ಮರಿ ಸಮುದ್ರಕ್ಕೆ. ಅಮೆರಿಕ, ಕೆನಡಾದಲ್ಲೂ ಅದೇ ಹುಚ್ಚು. ಆದರೆ ಬಿಟ್ಟದ್ದರಿಂದ ಮೀನು ಹೆಚ್ಚಾಯ್ತಾ ಅಂತ ಲೆಕ್ಕ ಕೇಳಿದರೆ ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ. ಕಾಡ್ ಬಿಡೋದು ಅಲ್ಲಿ ನಿಂತದ್ದು 1971ರಲ್ಲಿ. ಸುಮಾರು 90 ವರ್ಷ!

ನನ್ನ ಕೇಳಿದರೆ ಮೀನಿನ ವಿಜ್ಞಾನ ಹುಟ್ಟಿದ್ದೇ ಈ ಜಗಳದಲ್ಲಿ. ಅದೇ ನಾರ್ವೆಯ ಯೋಹಾನ್ ಯೋರ್ಟ್ ಹುರುಪೆ ನೋಡಿ ಮೀನಿನ ವಯಸ್ಸು ಎಣಿಸಿದ. ಮರದ ಕಾಂಡದ ಬಳೆ ಥರ ಹುರುಪೆಯಲ್ಲೂ ವರ್ಷದ ಗೆರೆ ಇರುತ್ತೆ. ಎಣಿಸಿದಾಗ ಗೊತ್ತಾಯಿತು, ವರ್ಷ ವರ್ಷವೂ ಬಲೆಗೆ ಬೀಳುತ್ತಿದ್ದ ಹೆರಿಂಗ್‌ನಲ್ಲಿ ಬಹುಪಾಲು 1904ರಲ್ಲಿ ಹುಟ್ಟಿದ್ದವು. ಒಂದು ಒಳ್ಳೇ ವರ್ಷದ ಮರಿ ಎಷ್ಟೋ ವರ್ಷ ಜನರನ್ನು ಸಾಕಿತು. ಮೊಟ್ಟೆ ಎಲ್ಲಾ ವರ್ಷ ರಾಶಿ ರಾಶಿ ಇರುತ್ತೆ. ಮರಿ ಹೊಟ್ಟೆಯ ಬುತ್ತಿ ಮುಗಿದ ಹೊತ್ತಿಗೆ ಸರಿಯಾಗಿ ಸಮುದ್ರದಲ್ಲಿ ತಿನ್ನೋಕೆ ಸಿಗಬೇಕು. ಸಿಕ್ಕಿದರೆ ಸುಗ್ಗಿ, ಇಲ್ಲದಿದ್ದರೆ ಬರ. 1914ರಲ್ಲೇ ಹೀಗೆ ಬರೆದ. ಅಂಥ ಕಡಲಿಗೆ ಹ್ಯಾಚರಿಯ ಮರಿ ಸುರಿದರೆ ಬಾವಿಗೆ ತಂಬಿಗೆ ನೀರು ಹಾಕಿದ ಹಾಗೆ.

ಮಲ್ಪೆಮಾಣಿ
ಇದು ಸರಿ ಉಂಟು. ನಮ್ಮ ಅಜ್ಜಿ ಹೇಳ್ತಿದ್ರು, ಯುದ್ಧದ ಕಾಲದಲ್ಲಿ ಬೂತಾಯಿ ಕಾಣಲೇ ಇಲ್ಲ ಅಂತ. ಮತ್ತೆ ಯಾರೂ ಬಿಡದೆಯೇ ಬಂತಲ್ಲ.

ಕಡತಪ್ರಿಯ
ಅಜ್ಜಿ ನೆನಪು ಸರಿ. 1940ರ ದಶಕದಲ್ಲಿ ಬೂತಾಯಿ ಕೈಕೊಟ್ಟಾಗ ಮದ್ರಾಸ್ ಸರ್ಕಾರ ಮರಿ ಹಿಡಿಯುವ ಬಲೆಗಳಿಗೆ ನಿರ್ಬಂಧ ಹಾಕಿತ್ತು. ಆಗ ನಿಮ್ಮ ಜಿಲ್ಲೆ ಮದ್ರಾಸಿಗೇ ಸೇರಿತ್ತಲ್ಲ. ಅದಕ್ಕೂ ಮುಂಚೆ, 1907ರಲ್ಲಿ, ಫ್ರೆಡರಿಕ್ ನಿಕೋಲ್ಸನ್ ಕೈಯಲ್ಲಿ ಮದ್ರಾಸ್ ಮೀನುಗಾರಿಕೆ ಇಲಾಖೆ ಶುರುವಾಗಿತ್ತು. ಆತ ಜಪಾನ್‌ಗೆ ಹೋಗಿ ನೋಡಿ ಬಂದು, ಬೂತಾಯಿ ಎಣ್ಣೆ, ಗೊಬ್ಬರ ಮಾಡೋದನ್ನು ಪಶ್ಚಿಮ ಕರಾವಳಿಯಲ್ಲಿ ಹಬ್ಬಿಸಿದ. ಬ್ರಿಟಿಷ್ ಸಾಹೇಬರ ಟ್ರೌಟ್ ಆಟವೂ ಅದೇ ಕಾಲದ್ದು. ನೀಲಗಿರಿಯ ಅವಲಾಂಚ್ ಹ್ಯಾಚರಿ ಅವರ ಗಾಳದ ಶೋಕಿಗಾಗಿಯೇ ಹುಟ್ಟಿದ್ದು.

ಸ್ಯಾಕ್ರಮೆಂಟೊಸೊಸೆ
ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಮನೆಯಿಂದ ಇಪ್ಪತ್ತು ನಿಮಿಷಕ್ಕೆ ನಿಂಬಸ್ ಹ್ಯಾಚರಿ. ಅಣೆಕಟ್ಟು ಕಟ್ಟಿ ಸಾಲ್ಮನ್ ಮೀನು ಮೊಟ್ಟೆ ಇಡಲು ತಾನು ಹುಟ್ಟಿದ ಹೊಳೆಯ ಮೇಲೆ ಹೋಗುವ ದಾರಿ ಮುಚ್ಚಿದ್ದಕ್ಕೆ ಪರಿಹಾರ ಅಂತ 1950ರ ದಶಕದಲ್ಲಿ ಕಟ್ಟಿದ್ದು. ನವೆಂಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗ್ತೀವಿ. ನೀರಿನ ಮೆಟ್ಟಿಲು ಹತ್ತಿ ದಪ್ಪ ದಪ್ಪ ಮೀನು ಹಾರಿ ಹಾರಿ ಬರುತ್ತವೆ. ಈ ಸಲ ಅತ್ತೆ ಬಂದಿದ್ದರು. ನೋಡಿ "ಪಾಪ, ತವರಿಗೆ ಬಂದರೆ ಬಾಗಿಲಲ್ಲೇ ಹಿಡಿದುಕೊಳ್ತಾರಲ್ಲೇ" ಅಂದರು.

ಮಡಕೆ ಕಥೆ ಓದಿ ನೆನಪಾಯಿತು. 1871ರಲ್ಲಿ ಸೆತ್ ಗ್ರೀನ್ ಅನ್ನುವವನು ನ್ಯೂಯಾರ್ಕ್ ಕಡೆಯಿಂದ ಶ್ಯಾಡ್ ಮೀನಿನ ಮರಿಗಳನ್ನು ಹಾಲಿನ ಕ್ಯಾನ್‌ನಲ್ಲಿ ತುಂಬಿ ರೈಲಿನಲ್ಲಿ ಇಲ್ಲಿಗೆ ತಂದ. ದಾರಿಯುದ್ದಕ್ಕೂ ನೀರು ಬದಲಿಸುತ್ತಾ ಬಂದು ಸುಮಾರು 10,000 ಮರಿ ಸ್ಯಾಕ್ರಮೆಂಟೊ ನದಿಗೆ ಬಿಟ್ಟನಂತೆ. ಶ್ಯಾಡ್ ಈಗ ಇಡೀ ಪಶ್ಚಿಮ ಕರಾವಳಿ ತುಂಬಾ ಇದೆ.

ಕೆರೆಕೋಡಿ
ಅಕ್ಕಾ, ಅಲ್ಲೂ ನಮ್ಮಜ್ಜನ ಮಡಕೆ! ಅತ್ತೆಯವರಿಗೆ ನಮಸ್ಕಾರ ಹೇಳಿ.

ಗರಂಮಸಾಲೆ
ಹಾಗಾದ್ರೆ ಹೊರಗಿನ ಮೀನು ತಂದು ಸುರಿಯೋದನ್ನು ಹೊಗಳ್ತಾ ಇದ್ದೀವಾ? ನಮ್ಮ ತುಂಗಭದ್ರೆಯ ಹರಗಿ ಮೀನು ಎಲ್ಲಿ ಹೋಯ್ತು? ಎಲ್ಲಾ ಕೆರೆಗೂ ಅದೇ ಕಾಟ್ಲಾ ರೋಹು. ಊಟದಲ್ಲಿ ಬರೀ ಸೋನಾ ಮಸೂರಿ ಆದ ಹಾಗೆ.

ತುಂಗಾತೀರ
ಈ ಮಾತಿಗೆ ಮಾತ್ರ ನಾನು ಗರಂ ಜೊತೆ. ಹರಗಿ ಹುಲ್ಲು, ಪಾಚಿ ತಿಂದು ಬೆಳೆಯುವ ಒಳ್ಳೇ ಮೀನು. ನಮ್ಮಪ್ಪ ಹೊಳೆಯಲ್ಲಿ ಹಿಡಿದು ತರುತ್ತಿದ್ದರು. ನನ್ನ ಮಗ ಅದರ ಹೆಸರೂ ಕೇಳಿಲ್ಲ.

ಒಡಿಶಾ_ಕನ್ನಡಿಗ
ಬೆಂಗಳೂರು ಹತ್ತಿರ ಹೆಸರಘಟ್ಟದ ಮೀನು ಕೇಂದ್ರದಲ್ಲಿ ಹರಗಿಯನ್ನೂ ಸಾಕಿ ಮರಿ ಮಾಡಿದ್ದಾರೆ. ಹ್ಯಾಚರಿಯನ್ನು ಬೈಯುವುದಕ್ಕಿಂತ, ಅದರಲ್ಲಿ ಯಾವ ಮೀನು ಮಾಡಿಸುತ್ತೇವೆ ಅಂತ ಕೇಳಬೇಕು. ಇನ್ನೊಂದು ತಮಾಷೆ ಗೊತ್ತಾ? ಕಾಡ್ ವಿಷಯದಲ್ಲಿ ಸೋತ ಅದೇ ನಾರ್ವೆಯವರು ಸಾಲ್ಮನ್ ತಳಿ ಆರಿಸೋದರಲ್ಲಿ ಗೆದ್ದರು. ಅವರ ಜೊತೆ ಸೇರಿ ಭುವನೇಶ್ವರದಲ್ಲಿ ಮಾಡಿದ ತಳಿಯೇ ಜಯಂತಿ ರೋಹು. ಸ್ವಾತಂತ್ರ್ಯದ 50ನೇ ವರ್ಷ, 1997ರಲ್ಲಿ ಬಿಟ್ಟಿದ್ದಕ್ಕೆ ಆ ಹೆಸರು.

ಹಳೇಬಲೆ
ಗರಂ ಅವರ ಸಿಟ್ಟು ಪೂರ್ತಿ ತಪ್ಪಲ್ಲ. ನಮ್ಮವರದ್ದೂ ತಪ್ಪಿದೆ. ಅದೇ ನಾಲ್ಕು ತಾಯಿಮೀನಿಂದ ವರ್ಷ ವರ್ಷ ಮರಿ ತೆಗೆದರೆ ತಳಿ ಸೊರಗುತ್ತೆ. ಒಂದೇ ತೊಟ್ಟಿಗೆ ಕಾಟ್ಲಾ, ರೋಹು ಎರಡೂ ಬಿಟ್ಟು ಬೆರಕೆ ಮರಿ ಮಾಡಿ ಮಾರುವವರೂ ಇದ್ದಾರೆ. ಕೊಳ್ಳುವವನಿಗೆ ಗೊತ್ತಾಗೋದು ಆರು ತಿಂಗಳ ಮೇಲೆ.

ಸುಮ್ನೆಬಂದೆ
ನಮ್ಮ ಮಾವನಿಗೆ ಹೀಗೇ ಆಯ್ತು. ಒಬ್ಬ ವ್ಯಾಪಾರಿ ಕೊಟ್ಟ ಮರಿ, ಹತ್ತು ಸಾವಿರ ಅಂದ, ಎಣಿಸಿದರೆ ಆರು ಸಾವಿರವೂ ಇರಲಿಲ್ಲ. ಈಗ ಮನೆಯಲ್ಲಿ ಮೀನಿನ ಮಾತೆತ್ತಿದರೆ ಅತ್ತೆ ಎದ್ದು ಹೋಗ್ತಾರೆ.

ಕೆರೆಕೋಡಿ
ಅಯ್ಯೋ ಹೆದರಿಸಬೇಡಿ, ಗುರುವಾರ ಬರುತ್ತೆ ನಮ್ಮದು! ಎಣಿಸೋದು ಹೇಗೆ ಸರ್?

ಹಳೇಬಲೆ
ತೂತಿನ ಸಣ್ಣ ಬಟ್ಟಲಿರುತ್ತೆ. ಅದರಲ್ಲಿ ಮರಿ ಎತ್ತಿ ನೀರು ಬಸಿದು, ಎಷ್ಟು ಬಟ್ಟಲು ಅಂತ ಅಳೆಯುತ್ತಾರೆ. ಮಧ್ಯದಲ್ಲಿ ಯಾವುದಾದರೂ ಒಂದು ಬಟ್ಟಲನ್ನು ನೀವು ತೋರಿಸಿ ಎಣಿಸೋಕೆ ಹೇಳಿ. ಅವರು ತೋರಿಸಿದ್ದಲ್ಲ, ನೀವು ತೋರಿಸಿದ್ದು. ಮೊದಲನೆಯ ಬಟ್ಟಲನ್ನು ಎಲ್ಲರೂ ಒತ್ತಿ ತುಂಬುತ್ತಾರೆ.

ಬೆರಳುದ್ದದ ಮರಿಯನ್ನೇ ಕೇಳಿ. ತೀರಾ ಚಿಕ್ಕದು ಅಗ್ಗ, ಆದರೆ ಕೆರೆಯಲ್ಲಿ ಹಾವುಮೀನು, ಕೊಕ್ಕರೆಗೇ ಹೋಗುತ್ತೆ. ಬಿಡೋದು ಬೆಳಿಗ್ಗೆ ಬೇಗ ಅಥವಾ ಸಂಜೆ. ಚೀಲವನ್ನು ಬಾಯಿ ಬಿಚ್ಚದೆ ಕಾಲು ಗಂಟೆ ಕೆರೆ ನೀರಲ್ಲಿ ತೇಲಬಿಡಿ. ಆಮೇಲೆ ಬಿಚ್ಚಿ, ಕೆರೆ ನೀರು ಸ್ವಲ್ಪ ಸ್ವಲ್ಪ ಒಳಗೆ ಬಿಡಿ. ಮರಿ ತಾವಾಗೇ ಹೊರಗೆ ಹೋಗಲಿ, ಸುರಿಯಬೇಡಿ.

ಮಲ್ಪೆಮಾಣಿ
ದೊಡ್ಡದಾದ ಮೇಲೆ ಒಂದು ಕಾಟ್ಲಾ ತಲೆ ನನಗೂ ಕಳಿಸಿ. ಮಣ್ಣು ವಾಸನೆಗೆ ಹುಣಸೆಹುಳಿ, ಅರಿಶಿನ ಹಚ್ಚಿ ಇಟ್ಟರೆ ಆಯ್ತು, ನೋಡುವ.

ಕೆರೆಕೋಡಿ
ಇಳಿಯುವುದಿಲ್ಲ ಅಂದಿದ್ದವರು ಯಾರಪ್ಪಾ 😄 ಆಗಲಿ, ಕಳಿಸ್ತೀನಿ. ಹಳೇಬಲೆ ಸರ್, ಗುರುವಾರ ನೀವು ಬರೋಕಾಗುತ್ತಾ? ಊರು ಯಾವುದು ಅಂತ ಮೆಸೇಜ್ ಮಾಡ್ತೀನಿ. ಬಟ್ಟಲು ನೀವೇ ತೋರಿಸಿ.

ಹಳೇಬಲೆ
ಬರ್ತೀನಿ. ಬಸ್ ಯಾವ ಹೊತ್ತಿಗಿದೆ ತಿಳಿಸಿ. ಊಟಕ್ಕೆ ಮೀನು ಮಾತ್ರ ಬೇಡ, ನಾನು ತಿನ್ನೋದು ಬಿಟ್ಟು ಹದಿನೈದು ವರ್ಷ ಆಯ್ತು.